"ಪೋರ್ಟಲ್ಲಿ ನಿಂತಿದೆ" ಅಂತಾರಲ್ಲ, ಆ ಪೋರ್ಟ್ ನೋಡೋಕೆ ಹೊರಟಿದೀನಿ



ಈ ವಾರ ಗೊಬ್ಬರ, ಔಷಧಿ ವಿಚಾರ ಬರೆಯಲ್ಲ. ಸಂಕ್ರಾಂತಿ ಕಳೆದ ಮೇಲೆ ಮೂರು ದಿನ ಚೆನ್ನೈಗೆ ಹೋಗಿಬರೋದು ಅಂತ ತೀರ್ಮಾನ ಮಾಡಿದೀನಿ. ಜೊತೆಗೆ ನಮ್ಮ ಮನೆಯವರೂ ಬರ್ತಾರೆ. ನಾವಿಬ್ಬರೂ ಚೆನ್ನೈ ನೋಡಿಲ್ಲ. ಮುರುಡೇಶ್ವರಕ್ಕೆ ಹೋದಾಗ ಸಮುದ್ರ ನೋಡಿದ್ವಿ, ಕಾಲು ನೆನೆಸಿಕೊಂಡು ಬಂದ್ವಿ. ಬಂದರು ಅನ್ನೋದನ್ನ ಮಾತ್ರ ಕಣ್ಣಲ್ಲಿ ಕಂಡಿಲ್ಲ. ಮತ್ತಿಕೆರೆ ಬಸ್ ಸ್ಟಾಪ್ ಹತ್ರ ಟೀ ಕುಡೀತಾ ಈ ವಿಷಯ ಹೇಳಿದ್ರೆ ಇಬ್ಬರು ನಕ್ಕರು. "ಈ ವಯಸ್ಸಲ್ಲಿ ಹಡಗು ನೋಡೋಕೆ ಹೋಗ್ತೀರಾ?" ಅಂದ್ರು. ಯಾಕೆ ಹೋಗ್ತಿದೀನಿ, ಅಲ್ಲಿ ಏನೇನು ನೋಡ್ಬೇಕು ಅಂತ ಪಟ್ಟಿ ಮಾಡಿದೀನಿ ಅನ್ನೋದನ್ನ ಪೂರ್ತಿ ಬರೀತೀನಿ. ನಿಮ್ಮಲ್ಲಿ ಗುಲಾಬಿ ಈರುಳ್ಳಿ ಹಾಕೋರಿಗೆ ಉಪಯೋಗ ಆಗಬಹುದು.

ಮೊದಲು ಕಾರಣ. ಹೋದ ಬೆಳೆಯಲ್ಲಿ ಅರ್ಧ ಎಕರೆಗೆ ಎಂಬತ್ನಾಲ್ಕು ಮೂಟೆ ಗುಲಾಬಿ ಈರುಳ್ಳಿ ಬಂತು. ಮೂಟೆಗೆ ಐವತ್ತು ಕೆ.ಜಿ. ರೇಟು ಮಾತಾಡಿ ಮುಗಿಸಿ, ಮೂಟೆ ಕಟ್ಟಿ, ರಸ್ತೆ ಬದಿಗೆ ಜೋಡಿಸಿದ ಮೇಲೆ ಲಾರಿ ತಂದ ವ್ಯಾಪಾರಿ ಹೇಳಿದ್ದು ಒಂದೇ ಮಾತು. "ಪೋರ್ಟಲ್ಲಿ ನಿಂತಿದೆ ಯಜಮಾನ್ರೆ. ಕೆ.ಜಿ.ಗೆ ನಾಲ್ಕು ರೂಪಾಯಿ ಕಮ್ಮಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಇವತ್ತು ಎತ್ತೋಕಾಗಲ್ಲ." ಮೋಡ ಬೇರೆ ಕಟ್ಟಿತ್ತು. ಕೊಟ್ಟು ಕಳಿಸಿದೆ. ಎಂಬತ್ನಾಲ್ಕು ಮೂಟೆ ಅಂದ್ರೆ 4,200 ಕೆ.ಜಿ. ನಾಲ್ಕು ರೂಪಾಯಿ ಲೆಕ್ಕಕ್ಕೆ 16,800 ರೂಪಾಯಿ ಆ ಒಂದು ಮಾತಿಗೆ ಹೋಯ್ತು.

ಈ ಮಾತು ಕೇಳಿದ್ದು ಅದೇ ಮೊದಲಲ್ಲ. ನಿಮಗೂ ಹೊಸದಲ್ಲ. ರಾಜಾನುಕುಂಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಾವ ಕಡೆ ಹೋದರೂ ಈ ಬೆಳೆ ಹಾಕಿದೋರೆಲ್ಲ ಕೇಳಿರೋ ಮಾತು. ನಿಜ ಇದ್ದರೂ ಇರಬಹುದು, ಸುಳ್ಳಿದ್ದರೂ ಇರಬಹುದು. ಆದರೆ ಕೇಳಿದ ನಮ್ಮಲ್ಲಿ ಒಬ್ಬರೂ ಆ ಪೋರ್ಟ್ ನೋಡಿದೋರಿಲ್ಲ. ನೋಡದ ಜಾಗದ ಬಗ್ಗೆ ಯಾರು ಏನು ಹೇಳಿದರೂ "ಹೌದಾ" ಅನ್ನಬೇಕು. ಯಶವಂತಪುರ ಮಂಡಿ ಬಗ್ಗೆ ನಮಗೆ ಯಾರೂ ಹಾಗೆ ಹೇಳೋಕಾಗಲ್ಲ. ಮತ್ತಿಕೆರೆ ಮನೆಯಿಂದ ನಡಕೊಂಡು ಹೋಗಿ ನೋಡಿಬಿಡ್ತೀನಿ, ಎಷ್ಟು ಲಾರಿ ಬಂದಿದೆ, ಏನು ರೇಟು ಕೂಗ್ತಿದಾರೆ ಅಂತ. ನಮ್ಮ ಗುಲಾಬಿ ಈರುಳ್ಳಿಯ ನಿಜವಾದ ಮಂಡಿ ಇರೋದು ಮಾತ್ರ ಮುನ್ನೂರೈವತ್ತು ಕಿಲೋಮೀಟರ್ ಆಚೆ.

ಯಾಕೆ ಅಂದ್ರೆ ಈ ಈರುಳ್ಳಿನ ನಾವೇ ತಿನ್ನಲ್ಲ. ಹೊಸದಾಗಿ ಈ ಬೆಳೆಗೆ ಬರೋ ಹುಡುಗರಿಗೆ ಇದು ಸರಿಯಾಗಿ ಗೊತ್ತಿರಲ್ಲ. ಗೆಡ್ಡೆ ಸಣ್ಣದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಘಾಟು ಜಾಸ್ತಿ. ನಮ್ಮ ಊರಿನ ಹೋಟೆಲಿನವರು, ಮನೆಯವರು ಕೇಳೋದು ದಪ್ಪ ಗೆಡ್ಡೆ. ಇದನ್ನ ಕೇಳಿ ತಗೊಳ್ಳೋರು ಮಲೇಷ್ಯಾ, ಸಿಂಗಾಪುರ, ಇಂಡೋನೇಷ್ಯಾ, ಶ್ರೀಲಂಕಾ ಕಡೆಯವರು. "ಬೆಂಗಳೂರು ಗುಲಾಬಿ ಈರುಳ್ಳಿ" ಅಂತ 2015ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮರ್ಯಾದೆ ದೊಡ್ಡದೇ. ಆದರೆ ಹಡಗು ಹತ್ತದಿದ್ದರೆ ಆ ಮರ್ಯಾದೆನ ಯಶವಂತಪುರದಲ್ಲಿ ಯಾರೂ ಕೊಂಡುಕೊಳ್ಳಲ್ಲ.

ಬಂದರಿನ ಮೇಲೆ ನಾವು ಎಷ್ಟು ನಿಂತಿದೀವಿ ಅನ್ನೋದಕ್ಕೆ ಒಂದು ಲೆಕ್ಕ ನೋಡಿ. 2019ರ ಸೆಪ್ಟೆಂಬರ್ ಕೊನೆಗೆ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸ್ತು. ಅಕ್ಟೋಬರ್ ಕೊನೆಗೆ ನಮ್ಮ ಗುಲಾಬಿ ಈರುಳ್ಳಿಗೆ ಮಾತ್ರ ಸ್ವಲ್ಪ ಬಾಗಿಲು ತೆಗೆದರು. ಒಂಬತ್ತು ಸಾವಿರ ಟನ್, ನವೆಂಬರ್ 30ರ ಒಳಗೆ, ಅದೂ ಚೆನ್ನೈ ಬಂದರಿನಿಂದ ಮಾತ್ರ. 2020ರಲ್ಲಿ ಮತ್ತೆ ಸೆಪ್ಟೆಂಬರ್‌ನಲ್ಲಿ ನಿಷೇಧ, ಅಕ್ಟೋಬರ್‌ನಲ್ಲಿ ಹತ್ತು ಸಾವಿರ ಟನ್‌ಗೆ ಅನುಮತಿ, ಮತ್ತೆ ಅದೇ ಷರತ್ತು: ಚೆನ್ನೈ ಬಂದರು ಮಾತ್ರ. ಇಡೀ ದೇಶಕ್ಕೆ ಎಷ್ಟೊಂದು ಬಂದರು ಇದ್ದರೂ ಆ ಎರಡು ವರ್ಷ ನಮ್ಮ ಬೆಳೆಗೆ ಇದ್ದದ್ದು ಒಂದೇ ಗೇಟು.

ಅದಕ್ಕೇ ಆ ಗೇಟು ನೋಡಬೇಕು ಅನ್ನಿಸಿದ್ದು.

ಹೋಗೋಕೆ ಮುಂಚೆ ಎರಡು ತಿಂಗಳಿಂದ ವಿಚಾರಿಸ್ತಾ ಇದೀನಿ. ಚಿಕ್ಕಬಳ್ಳಾಪುರದ ಕಡೆಯಿಂದ ಲೋಡ್ ಹೊಡೆಯೋ ಒಬ್ಬ ಡ್ರೈವರ್ ಪರಿಚಯ ಆದ. ಒಳ್ಳೇ ಹುಡುಗ. ಅವನ ಹತ್ರ ಮೊದಲು ಕೇಳಿದ್ದೇ ಇದನ್ನ. "ಪೋರ್ಟಲ್ಲಿ ನಿಂತಿದೆ ಅಂತಾರಲ್ಲಪ್ಪ, ಎಲ್ಲಿ ನಿಂತಿರುತ್ತೆ?"

ಅವನು ನಕ್ಕ. "ಯಾವ ಪೋರ್ಟು ಅಂತ ಕೇಳಿದ್ರಾ ಅಣ್ಣ?"

ನನಗೆ ಆವಾಗ ತಿಳೀತು, ಅಲ್ಲಿರೋದು ಒಂದಲ್ಲ ಮೂರು ಅಂತ. ಊರೊಳಗಿರೋದು ಹಳೇ ಚೆನ್ನೈ ಬಂದರು. ಅಲ್ಲಿಂದ ಉತ್ತರಕ್ಕೆ ಎನ್ನೂರಿನಲ್ಲಿ ಕಾಮರಾಜರ್ ಬಂದರು. ಅದರ ಪಕ್ಕದಲ್ಲೇ ಕಾಟ್ಟುಪಳ್ಳಿ ಅಂತ ಇನ್ನೊಂದು. ಮೂರರಲ್ಲೂ ಕಂಟೈನರ್ ಹತ್ತಿಸ್ತಾರೆ. ಹಾಗಾಗಿ ಇನ್ನು ಮೇಲೆ ಯಾರಾದರೂ ಪೋರ್ಟಲ್ಲಿ ನಿಂತಿದೆ ಅಂದ್ರೆ ಮೊದಲು ಕೇಳಬೇಕಾದ್ದು "ಯಾವ ಪೋರ್ಟು?" ಇಷ್ಟು ಕೇಳಿದ್ರೇ ಎದುರಿಗಿರೋರು ಒಂದು ಗಳಿಗೆ ಯೋಚನೆ ಮಾಡ್ತಾರೆ, ಇವನಿಗೆ ಏನೋ ಗೊತ್ತಿದೆ ಅಂತ.

ಆ ಡ್ರೈವರ್ ಹತ್ರ, ರಫ್ತಿನ ಕಾಗದಪತ್ರ ನೋಡೋ ಒಬ್ಬರ ಹತ್ರ, ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತಿ ಆದ ಪರಿಚಯದವರ ಹತ್ರ ಕೇಳಿ ಕೇಳಿ ಒಂದು ವಿಷಯ ಸ್ಪಷ್ಟ ಆಯ್ತು. "ಪೋರ್ಟಲ್ಲಿ ನಿಂತಿದೆ" ಅನ್ನೋ ಒಂದೇ ಮಾತಿನ ಒಳಗೆ ಐದು ಬೇರೆ ಬೇರೆ ವಿಷಯ ಇರಬಹುದು. ಹೊಟ್ಟೆನೋವು ಅಂದ ಹಾಗೆ ಅದು. ಅಜೀರ್ಣಕ್ಕೂ ಹೊಟ್ಟೆನೋವು, ಕಲ್ಲಿಗೂ ಹೊಟ್ಟೆನೋವು. ಔಷಧಿ ಮಾತ್ರ ಬೇರೆ.

ಒಂದು, ಹಡಗು ಬಂದಿಲ್ಲ ಅಥವಾ ಹಡಗಲ್ಲಿ ಜಾಗ ಇಲ್ಲ. ಇದು ನಿಜವಾಗಲೂ ಬಂದರಿನ ವಿಷಯ. ಇದನ್ನ ನಾವು ಮನೆಯಲ್ಲಿ ಕೂತು ಸ್ವಲ್ಪ ಮಟ್ಟಿಗೆ ನೋಡಬಹುದು. ಯಾವ ಹಡಗು ಯಾವ ದಕ್ಕೆಯಲ್ಲಿ ನಿಂತಿದೆ, ಯಾವುದು ಬರಬೇಕಾಗಿದೆ ಅಂತ ಚೆನ್ನೈ ಬಂದರಿನ ವೆಬ್‌ಸೈಟಿನಲ್ಲಿ ಹಾಕ್ತಾರೆ. ನಮ್ಮ ತಮ್ಮನ ಮಗ ಮೊಬೈಲಲ್ಲಿ ತೆಗೆದು ತೋರಿಸಿದ. ಮೊದಲು ಒಂದಕ್ಷರ ಅರ್ಥ ಆಗಲಿಲ್ಲ. ನಾಲ್ಕು ದಿನ ನೋಡಿದ ಮೇಲೆ ಮಂಡಿ ರೇಟಿನ ಪಟ್ಟಿ ಓದಿದ ಹಾಗೇ ಓದೋಕೆ ಬಂತು.

ಎರಡು, ಲಾರಿ ಗೇಟಿನ ಹೊರಗೆ ಸಾಲಲ್ಲಿ ನಿಂತಿದೆ. ಚೆನ್ನೈ ಬಂದರಿನ ಉತ್ತರದ ಬಾಗಿಲಿಗೆ ಜೀರೋ ಗೇಟ್ ಅಂತಾರೆ. ಎನ್ನೂರು ಎಕ್ಸ್‌ಪ್ರೆಸ್ ರಸ್ತೆ ಮೇಲೆ ಕಂಟೈನರ್ ಲಾರಿಗಳ ಸಾಲು ಅಲ್ಲೀವರೆಗೂ ನಿಲ್ಲುತ್ತೆ ಅಂತ ಡ್ರೈವರ್ ಹೇಳಿದ. ಇದು ಗಂಟೆಗಳ ಲೆಕ್ಕವಾ, ದಿನಗಳ ಲೆಕ್ಕವಾ ಅನ್ನೋದು ನಮಗೆ ಮುಖ್ಯ. ಗಂಟೆಗಳ ಲೆಕ್ಕ ಆದ್ರೆ ಅದಕ್ಕೆ ನಾಲ್ಕು ರೂಪಾಯಿ ಕಡಿಯೋ ಹಾಗಿಲ್ಲ.

ಮೂರು, ದೆಹಲಿಯಲ್ಲಿ ನಿಂತಿದೆ. ಅಂದ್ರೆ ಸರ್ಕಾರದ ಆದೇಶ. 2023ರ ಆಗಸ್ಟ್ 19ಕ್ಕೆ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದರು. ಸೆಪ್ಟೆಂಬರ್ ಕೊನೆಗೆ ಗುಲಾಬಿ ಈರುಳ್ಳಿಗೆ ವಿನಾಯಿತಿ ಕೊಟ್ಟರು. ಅದಕ್ಕೆ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕಿತ್ತು, ಇದು ಗುಲಾಬಿ ಈರುಳ್ಳಿನೇ, ಇಷ್ಟೇ ಪ್ರಮಾಣ ಅಂತ. ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. 2024ರ ಮೇ ತಿಂಗಳಲ್ಲಿ ಸಡಿಲ ಮಾಡಿದರು. 2025ರ ಏಪ್ರಿಲ್ 1ರಿಂದ ಸುಂಕ ಪೂರ್ತಿ ತೆಗೆದರು. ಈ ತಾರೀಕುಗಳನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದೀನಿ. ಆದೇಶ ಇಲ್ಲದ ತಿಂಗಳಲ್ಲಿ ಯಾರಾದರೂ "ಗೌರ್ಮೆಂಟ್ ನಿಲ್ಲಿಸಿದೆ" ಅಂದ್ರೆ ನಂಬೋ ಅಗತ್ಯ ಇಲ್ಲ.

ನಾಲ್ಕು, ಚಂಡಮಾರುತ. ನಮಗೆ ಮುಂಗಾರು ಮುಗಿಯೋ ಹೊತ್ತಿಗೆ ಅಲ್ಲಿ ಮಳೆಗಾಲ ಶುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನದ್ದೇ ಜೋರು. ಗಾಳಿ ಜೋರಾಗೋ ಸೂಚನೆ ಬಂದ್ರೆ ಬಂದರಿನ ಮೇಲೆ ಅಪಾಯದ ಗುರುತು ಏರಿಸ್ತಾರೆ. ತುಂಬಾ ಅಪಾಯ ಅನ್ನಿಸಿದ್ರೆ ದಕ್ಕೆಯಲ್ಲಿ ಕಟ್ಟಿರೋ ಹಡಗನ್ನೂ ಬಿಚ್ಚಿ ನಡುಸಮುದ್ರಕ್ಕೆ ಕಳಿಸಿಬಿಡ್ತಾರೆ. ಗೋಡೆಗೆ ಬಡಿದು ಒಡೆಯೋದಕ್ಕಿಂತ ಆಳದ ನೀರಲ್ಲಿ ತೇಲೋದೇ ಮೇಲು ಅಂತ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದಲ್ಲಿ ಚೆನ್ನೈ ಮುಳುಗಿದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ರಿ. ಅದೇ ವಾರದ ಕೊನೆಗೆ, 8ನೇ ತಾರೀಕು, ನಿಷೇಧ ಬಂತು. ಮೇಲಿಂದ ನೀರು, ದೆಹಲಿಯಿಂದ ಬೀಗ. ಆ ವಾರ ಪೋರ್ಟಲ್ಲಿ ನಿಂತಿದೆ ಅಂದೋರು ಸತ್ಯವನ್ನೇ ಹೇಳಿದಾರೆ. ಅದನ್ನೂ ಒಪ್ಪಿಕೊಳ್ಳಬೇಕು.

ಐದು, ನಮ್ಮ ಮಾಲೇ ನಿಂತಿದೆ. ಇದು ನಮಗೆ ಕೇಳೋಕೆ ಇಷ್ಟ ಇಲ್ಲದ ವಿಷಯ. ಕೊಳ್ಳೋ ದೇಶಕ್ಕೆ ರೋಗ, ಹುಳ ಇಲ್ಲ ಅನ್ನೋ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕುತ್ತಿಗೆ ಹಸಿ ಇದ್ದರೆ, ಮೊಳಕೆ ಬಂದಿದ್ದರೆ, ಮಣ್ಣು ಮೆತ್ತಿದ್ದರೆ, ಜೋಡಿಗೆಡ್ಡೆ ಜಾಸ್ತಿ ಇದ್ದರೆ ಅಲ್ಲಿ ಮೂಟೆ ಬಿಚ್ಚಿಸಿ ಆರಿಸ್ತಾರೆ. ನಾವು ಕೀಳೋ ಹಿಂದಿನ ವಾರದವರೆಗೂ ನೀರು ಕೊಟ್ಟು ತೂಕ ಬರಲಿ ಅಂತ ನೋಡಿದ್ರೆ ಆ ತೂಕ ಪೆಟ್ಟಿಗೆಯೊಳಗೆ ಬೆವರಾಗಿ ಬರುತ್ತೆ. ಈರುಳ್ಳಿ ಮೂಟೆಯೊಳಗೂ ಉಸಿರಾಡ್ತಾ ಇರುತ್ತೆ. ಗಾಳಿ ಇಲ್ಲದ ಜಾಗದಲ್ಲಿ ಎರಡು ದಿನ ಇಟ್ಟರೆ ಬಿಸಿ ಏರುತ್ತೆ, ಒಂದು ಕೊಳೆತರೆ ಪಕ್ಕದ ಹತ್ತಕ್ಕೆ ಹತ್ತುತ್ತೆ.

ಈ ಐದಕ್ಕೂ ಹೋಗಿ ನೋಡೋ ಜಾಗ, ಇಲ್ಲ ಕೇಳೋ ಜಾಗ ಇದೆ. ನನ್ನ ಪ್ರಯಾಣದ ಯೋಜನೆ ಅಂದ್ರೆ ಇಷ್ಟೇ. ಐದು ಪ್ರಶ್ನೆಗೆ ಮೂರು ದಿನ.

ಯಾವಾಗ ಹೋಗೋದು ಅನ್ನೋದಕ್ಕೇ ಸುಮಾರು ತಲೆ ಕೆಡಿಸಿಕೊಂಡೆ. ಅಕ್ಟೋಬರ್‌ನಿಂದ ಡಿಸೆಂಬರ್ ಮಳೆ, ಬೇಡ. ನಮ್ಮ ಸಂಕ್ರಾಂತಿ ದಿನವೇ ಅವರಿಗೆ ಪೊಂಗಲ್, ನಾಲ್ಕು ದಿನದ ಹಬ್ಬ. ಆವಾಗ ಕೆಲಸದೋರು ಊರಿಗೆ ಹೋಗಿರ್ತಾರೆ. ಕೊನೇ ದಿನ ಕಾಣುಂ ಪೊಂಗಲ್, ಇಡೀ ಊರು ಮರೀನಾ ಬೀಚಲ್ಲಿ ಇರುತ್ತಂತೆ. 26ನೇ ತಾರೀಕು ಗಣರಾಜ್ಯೋತ್ಸವದ ಮೆರವಣಿಗೆಯೂ ಅದೇ ಬೀಚ್ ರಸ್ತೆಯಲ್ಲಿ. ಹಾಗಾಗಿ ಎರಡರ ಮಧ್ಯದ ವಾರ, ಮಂಗಳವಾರ ಹೊರಟು ಗುರುವಾರ ರಾತ್ರಿ ವಾಪಸ್ ರೈಲು. ಸೋಮವಾರ ಬಿಟ್ಟಿದ್ದು ಯಾಕೆ ಅಂತ ಕೆಳಗೆ ಹೇಳ್ತೀನಿ. ಆ ಹೊತ್ತಿಗೆ ರಾಗಿ ಮೆದೆ ಹಾಕಿ ಮುಗಿದಿರುತ್ತೆ. ಅವರೆಕಾಯಿ ಕೊನೇ ಬಿಡಿಸು ಇರುತ್ತೆ. ಹಾಲು ಕರೆದು ಡೈರಿಗೆ ಹಾಕೋದು ತಮ್ಮನ ಮಗ ನೋಡಿಕೊಳ್ತಾನೆ. ರೈಲ್ವೆಯವರು ಈಗ ಅರವತ್ತು ದಿನ ಮುಂಚೆ ಮಾತ್ರ ರಿಸರ್ವೇಶನ್ ತೆಗೀತಾರೆ, ಮೊದಲಿನ ಹಾಗೆ ನೂರಿಪ್ಪತ್ತು ದಿನ ಅಲ್ಲ. ಹೋಗೋರು ಇದನ್ನ ನೆನಪಿಟ್ಟುಕೊಳ್ಳಿ.

ಮೊದಲನೇ ದಿನ. ಬೆಳಿಗ್ಗೆ ಆಟೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತೋದು. ರಾತ್ರಿ ರೈಲಲ್ಲಿ ಹೋದರೆ ಒಂದು ಹಗಲು ಉಳಿಯುತ್ತೆ ಅಂತ ಎಲ್ಲರೂ ಹೇಳಿದ್ರು. ನಾನು ಬೇಕಂತಲೇ ಹಗಲು ರೈಲು ಹಿಡಿದಿದೀನಿ. ಕಾರಣ ವೈಟ್‌ಫೀಲ್ಡ್. ಅಲ್ಲಿ ಕಾಂಕಾರ್ ಅವರ ಒಳನಾಡು ಕಂಟೈನರ್ ಡಿಪೋ ಇದೆ. ಬೆಂಗಳೂರಿನ ಕಾರ್ಖಾನೆ ಮಾಲನ್ನ ಅಲ್ಲೇ ಪೆಟ್ಟಿಗೆಗೆ ತುಂಬಿ, ಕಸ್ಟಮ್ಸ್ ಮುಗಿಸಿ, ಗೂಡ್ಸ್ ರೈಲಲ್ಲಿ ಚೆನ್ನೈ ಬಂದರಿಗೆ ಕಳಿಸ್ತಾರೆ. ಒಂದು ಲೆಕ್ಕಕ್ಕೆ ಸಮುದ್ರ ಇಲ್ಲದ ನಮ್ಮ ಊರಿನ ಬಂದರು ಅದು. ಬೆಂಗಳೂರಿಗೆ 1864ರಲ್ಲಿ ಮೊದಲು ರೈಲು ಬಂದಿದ್ದೂ ಜೋಲಾರಪೇಟೆ ಕಡೆಯಿಂದ, ಮದ್ರಾಸಿನ ಹಳಿಗೆ ಸೇರಿಕೊಂಡೇ. ಅವತ್ತಿಂದಲೂ ನಮ್ಮ ಮಾಲು ಸಮುದ್ರ ನೋಡಬೇಕಾದ್ರೆ ಇದೇ ದಾರಿ. ಕುಪ್ಪಂ, ಜೋಲಾರಪೇಟೆ, ಕಾಟ್ಪಾಡಿ, ಅರಕ್ಕೋಣಂ ದಾಟಿ ಮಧ್ಯಾಹ್ನದ ಹೊತ್ತಿಗೆ ಸೆಂಟ್ರಲ್.

ಲಾರಿಗಳ ದಾರಿನೂ ಬದಲಾಗ್ತಾ ಇದೆ. ಹೊಸಕೋಟೆಯಿಂದ ಶ್ರೀಪೆರಂಬದೂರಿನವರೆಗೆ ಹೊಸ ಎಕ್ಸ್‌ಪ್ರೆಸ್ ವೇ ಹಾಕ್ತಿದಾರೆ. ನಮ್ಮ ರಾಜ್ಯದ 71 ಕಿಲೋಮೀಟರ್ ಭಾಗದಲ್ಲಿ 2024ರ ಡಿಸೆಂಬರ್‌ನಿಂದ ಗಾಡಿ ಬಿಟ್ಟಿದಾರೆ. ಅದು ಪೂರ್ತಿ ಆದ ಮೇಲೆ "ದಾರಿಯಲ್ಲಿ ತಡ ಆಯ್ತು" ಅನ್ನೋ ಮಾತೂ ಕಡಿಮೆ ಆಗಬೇಕು. ನೋಡೋಣ.

ಸೆಂಟ್ರಲ್ ಹತ್ರವೇ ಲಾಡ್ಜ್ ನೋಡಿದೀನಿ. ಸಾಯಂಕಾಲ ಎದುರಿನ ಪಾರ್ಕ್ ಸ್ಟೇಷನ್‌ನಿಂದ ಲೋಕಲ್ ರೈಲು ಹತ್ತಿದರೆ ಪಾರ್ಕ್, ಕೋಟೆ, ಆಮೇಲೆ ಬೀಚ್ ಸ್ಟೇಷನ್. ಹೆಸರು ಬೀಚ್, ಇಳಿದರೆ ಕಾಣೋದು ಬಂದರಿನ ಗೋಡೆ. ಮರಳೂ ಇಲ್ಲ, ಅಲೆನೂ ಇಲ್ಲ. ಇದರ ಹಿಂದೆ ಒಂದು ಕಥೆ ಇದೆ, ನಮ್ಮಂಥೋರಿಗೆ ಬೇಗ ಅರ್ಥ ಆಗುತ್ತೆ.

ಮದ್ರಾಸಿಗೆ ದೇವರು ಕೊಟ್ಟ ಬಂದರು ಇರಲಿಲ್ಲ. ಮುಂಬೈಗೆ, ಕೊಚ್ಚಿಗೆ ನೆಲವೇ ಕೈ ಬಾಗಿಸಿ ನೀರನ್ನ ತಬ್ಬಿಕೊಂಡಿದೆ. ಇಲ್ಲಿ ನೇರವಾದ ದಡ, ಬಡಿಯೋ ಅಲೆ. ಹಡಗು ದೂರದಲ್ಲೇ ನಿಲ್ಲಬೇಕಿತ್ತು. ತೆಂಗಿನ ನಾರಿನ ಹುರಿಯಲ್ಲಿ ಹಲಗೆ ಹೊಲಿದ ಮಸೂಲಾ ದೋಣಿಗಳಲ್ಲಿ ಜನ, ಮಾಲು ಎಲ್ಲಾ ದಡಕ್ಕೆ ಬರ್ತಿತ್ತು. ಮೊಳೆ ಹೊಡೆದ ದೋಣಿ ಆ ಅಲೆಗೆ ಬಿರಿದುಹೋಗ್ತಿತ್ತು, ಹೊಲಿದದ್ದು ಬಳುಕಿ ತಡೀತಿತ್ತು. 1861ರಲ್ಲಿ ಒಂದು ಕಟ್ಟೆ ಚಾಚಿದರು. ಆಮೇಲೆ ಸಮುದ್ರದೊಳಗೆ ಗೋಡೆ ಕಟ್ಟೋಕೆ ಶುರು ಮಾಡಿದರು. 1881ರ ನವೆಂಬರ್ ಚಂಡಮಾರುತ ಆ ಗೋಡೆಗಳನ್ನ ಕೆಡವಿಹಾಕ್ತು. ಮತ್ತೆ ಕಟ್ಟಿದರು.

ಈಗ ಕೇಳಿ. ಆ ಕರಾವಳಿಯಲ್ಲಿ ವರ್ಷದ ಬಹುಪಾಲು ನೀರಿನ ಸೆಳೆತ ದಕ್ಷಿಣದಿಂದ ಉತ್ತರಕ್ಕೆ ಮರಳನ್ನ ಹೊತ್ತುಕೊಂಡು ಹೋಗುತ್ತೆ. ಅಡ್ಡಕ್ಕೆ ಬಂದರಿನ ಗೋಡೆ ಬಂತು. ಹಳ್ಳಕ್ಕೆ ಅಡ್ಡ ಬದು ಹಾಕಿದ್ರೆ ಏನಾಗುತ್ತೆ? ಮೇಲ್ಗಡೆ ಹೂಳು ತುಂಬುತ್ತೆ, ಕೆಳಗಿನೋನ ಹೊಲದ ಅಂಚು ಕೊರೆಯುತ್ತೆ. ಅದೇ ಆಯ್ತು. ಗೋಡೆಯ ದಕ್ಷಿಣಕ್ಕೆ ಮರಳು ನಿಂತು ನಿಂತು ಮರೀನಾ ಬೀಚ್ ಇಷ್ಟು ಅಗಲ ಆಯ್ತು. ಉತ್ತರಕ್ಕೆ ರಾಯಪುರಂ ಕಡೆ ಸಮುದ್ರ ದಡವನ್ನ ತಿಂದುಕೊಂಡು ಬಂತು, ಕಲ್ಲು ಸುರಿದು ತಡೀಬೇಕಾಯ್ತು. ಪ್ರವಾಸಿಗರು ಫೋಟೋ ತೆಗೆಯೋ ಮರಳು ಒಂದು ಕಡೆ, ಮೀನುಗಾರರ ಮನೆ ಕಳೆದದ್ದು ಇನ್ನೊಂದು ಕಡೆ. ನಡುವೆ ನಮ್ಮ ಈರುಳ್ಳಿ ಹತ್ತೋ ಗೋಡೆ. ಈ ವಿಷಯ ತಿಳಿದ ದಿನದಿಂದ ಎರಡೂ ಕಡೆ ನೋಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ಎರಡನೇ ದಿನ. ಬೆಳಗಿನ ಜಾವ ಕಾಸಿಮೇಡು ಮೀನು ಬಂದರು. ಹರಾಜು ನೋಡಬೇಕು. ಮೀನು ಈರುಳ್ಳಿಗಿಂತ ಬೇಗ ಕೆಡೋ ಮಾಲು. ಅವರು ಹೆಂಗೆ ಕೂಗ್ತಾರೆ, ಹೆಂಗೆ ದುಡ್ಡು ಎಣಿಸ್ತಾರೆ ಅಂತ ನೋಡೋದು. ಅಲ್ಲಿಂದ ಎನ್ನೂರು ಎಕ್ಸ್‌ಪ್ರೆಸ್ ರಸ್ತೆ. ಡ್ರೈವರ್ ಹುಡುಗ ಆ ದಿನ ಲೋಡ್ ಇದ್ದರೆ ಸಿಗ್ತೀನಿ ಅಂದಿದಾನೆ. ಮಣಲಿ, ಮಾಧವರಂ ಕಡೆ ಲಾರಿಯಿಂದ ಇಳಿಸಿ ಕಂಟೈನರ್‌ಗೆ ತುಂಬೋ ಯಾರ್ಡುಗಳಿವೆ. ಗೋಡೌನ್ ಬಾಗಿಲಲ್ಲಿ ನಿಂತು ನೋಡೋಕೆ ಬಿಟ್ಟರೆ ಸಾಕು. ಬಂದರಿನ ಒಳಗೆ ಬಿಡಲ್ಲ. ಪಾಸ್ ಬೇಕು, ಗೇಟಲ್ಲಿ ಸಿಐಎಸ್‌ಎಫ್ ಕಾವಲು. ಗೇಟಿನ ಹತ್ರ ಫೋಟೋ ತೆಗೆಯೋಕೂ ಹೋಗಬಾರದು. ಹೋಗೋರು ಇದನ್ನ ತಿಳಿದೇ ಹೋಗಿ.

ಕಂಟೈನರ್ ಅಂದ್ರೆ ಏನು ಅಂತ ಮನೆಯವರು ಕೇಳಿದ್ರು. ಸಣ್ಣದು ಇಪ್ಪತ್ತಡಿ ಉದ್ದ, ಎಂಟಡಿ ಅಗಲ, ಎಂಟೂವರೆ ಅಡಿ ಎತ್ತರ ಅಂದೆ. "ನಮ್ಮ ಕೊಟ್ಟಿಗೆಯಷ್ಟು" ಅಂದ್ರು. ಸರಿಯಾಗೇ ಹೇಳಿದ್ರು. ಈ ಪೆಟ್ಟಿಗೆ ವ್ಯಾಪಾರ ಶುರು ಮಾಡಿದ್ದು ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ಅನ್ನೋನು. ರೈತನ ಮಗ, ಲಾರಿ ಓಡಿಸ್ತಾ ಮೇಲೆ ಬಂದೋನು. ಮೂಟೆ ಮೂಟೆ ಇಳಿಸಿ ಹತ್ತಿಸೋ ಬದಲು ಪೆಟ್ಟಿಗೆನೇ ಎತ್ತಿ ಹಡಗಿನ ಮೇಲೆ ಇಟ್ಟರೆ ಹೇಗೆ ಅಂತ ಯೋಚಿಸಿ 1956ರ ಏಪ್ರಿಲ್‌ನಲ್ಲಿ ಮೊದಲ ಹಡಗು ಬಿಟ್ಟ. ಐವತ್ತೆಂಟು ಪೆಟ್ಟಿಗೆ. ಚೆನ್ನೈಯಲ್ಲಿ 1983ರಲ್ಲಿ ಕಂಟೈನರ್‌ಗೆ ಅಂತಲೇ ಟರ್ಮಿನಲ್ ಆಯ್ತು, ದೇಶದಲ್ಲೇ ಮೊದಲನೇದು. ಪೆಟ್ಟಿಗೆ ಬಂದ ಮೇಲೆ ಕೆಲಸ ಬೇಗ ಆಯ್ತು ನಿಜ. ಆದರೆ ಬಾಗಿಲು ಮುಚ್ಚಿದ ಮೇಲೆ ಒಳಗಿನ ಮಾಲು ಹೇಗಿದೆ ಅಂತ ಆಚೆ ದಡದಲ್ಲಿ ತೆಗೆಯೋವರೆಗೂ ಯಾರೂ ನೋಡೋ ಹಾಗಿಲ್ಲ. ಅದಕ್ಕೇ ಮುಚ್ಚೋ ಮುಂಚೆ ಅಷ್ಟು ಆರಿಸೋದು. ಹಡಗು ನೇರ ಹೋದರೆ ಮಲೇಷ್ಯಾಗೆ ನಾಲ್ಕೈದು ದಿನದ ದಾರಿ. ನಾವು ಒಣಗಿಸೋದರಲ್ಲಿ ಉಳಿಸಿದ ಒಂದು ದಿನ ಅಲ್ಲಿ ಹೋಗಿ ಲೆಕ್ಕಕ್ಕೆ ಬರುತ್ತೆ.

ಯಾರ್ಡಲ್ಲಿ ಕೇಳಬೇಕಾದ ಮೂರು ಮಾತು ಚೀಟಿಯಲ್ಲಿ ಬರೆದುಕೊಂಡಿದೀನಿ. ಬಂದ ಲೋಡು ಪೆಟ್ಟಿಗೆ ಸೇರೋಕೆ ಎಷ್ಟು ದಿನ? ಆರಿಸಿ ತೆಗೆದ ಗೆಡ್ಡೆ ಯಾವ ಕಾರಣಕ್ಕೆ ಜಾಸ್ತಿ? ವಾರದಲ್ಲಿ ಯಾವ ದಿನ ಹಡಗಿಗೆ ಕೊನೆ? ಮೂರನೇದು ನನಗೆ ಬಹಳ ಮುಖ್ಯ. ಹಡಗು ಹೊರಡೋ ದಿನ ಗೊತ್ತಾದ್ರೆ ಕೀಳೋ ದಿನವನ್ನ ಅಲ್ಲಿಂದ ಹಿಂದಕ್ಕೆ ಎಣಿಸಬಹುದು. ಈಗ ನಾವು ಆಳು ಸಿಕ್ಕ ದಿನ ಕೀಳ್ತೀವಿ. ತಮಿಳು ನಾಲ್ಕು ಮಾತು ಕಲೀತಿದೀನಿ. ವೆಂಗಾಯಂ ಅಂದ್ರೆ ಈರುಳ್ಳಿ, ಎವ್ವಳವು ಅಂದ್ರೆ ಎಷ್ಟು, ಎತ್ತನೆ ನಾಳ್ ಅಂದ್ರೆ ಎಷ್ಟು ದಿನ. ಇಷ್ಟರಲ್ಲಿ ಕೆಲಸ ನಡೆಯುತ್ತೆ.

ಮೂರನೇ ದಿನ ಮನೆಯವರದ್ದು. ಮೊದಲೇ ಕರಾರು ಮಾಡಿದಾರೆ. "ಎರಡು ದಿನ ನಿಮ್ಮ ಲಾರಿ ಹಿಂದೆ ಬರ್ತೀನಿ, ಮೂರನೇ ದಿನ ನೀವು ನನ್ನ ಹಿಂದೆ ಬನ್ನಿ." ಮೈಲಾಪುರದ ಕಪಾಲೀಶ್ವರ ದೇವಸ್ಥಾನ, ಆಮೇಲೆ ಟಿ. ನಗರದಲ್ಲಿ ಸೀರೆ. ಮೈಲಾಪುರದಿಂದ ಮರೀನಾದ ದೀಪಸ್ತಂಭ ಹತ್ರ. ಮೇಲಕ್ಕೆ ಲಿಫ್ಟ್ ಇದೆ, ಮಂಡಿ ನೋವಿನೋರೂ ಹೋಗಬಹುದು. ಸೋಮವಾರ ರಜೆ, ಅದಕ್ಕೇ ಸೋಮವಾರ ತಪ್ಪಿಸಿದ್ದು. ಅಲ್ಲಿಂದ ಒಂದು ಕಡೆ ಅಗಲವಾದ ಮರಳು, ಉತ್ತರಕ್ಕೆ ನೋಡಿದರೆ ಬಂದರಿನ ಕ್ರೇನುಗಳು ಕಾಣುತ್ತವಂತೆ. ಒಳಗೆ ಬಿಡದ ಜಾಗವನ್ನ ಮೇಲಿಂದ ನೋಡೋದು. ರಾತ್ರಿ ಚೆನ್ನೈ ಮೇಲ್ ಹತ್ತಿದರೆ ಬೆಳಗಿನ ಜಾವಕ್ಕೆ ಮೆಜೆಸ್ಟಿಕ್, ಹೊತ್ತೇರೋ ಮುಂಚೆ ಹೊಲ.

ಖರ್ಚು ಕೇಳ್ತೀರಿ ಅಂತ ಗೊತ್ತು. ರೈಲು, ಎರಡು ರಾತ್ರಿ ಲಾಡ್ಜ್, ಊಟ, ಓಡಾಟ ಸೇರಿ ಇಬ್ಬರಿಗೆ ಎಂಟು ಸಾವಿರ ಎತ್ತಿಟ್ಟಿದೀನಿ. ಸೀರೆ ಬೇರೆ ಲೆಕ್ಕ, ಅದು ಅವರ ಹಾಲಿನ ದುಡ್ಡು. ಒಂದೇ ಮಾತಿಗೆ ಹೋದ ದುಡ್ಡಿನ ಅರ್ಧ ಕೂಡ ಇಲ್ಲ ಇದು.

ಇಷ್ಟೆಲ್ಲಾ ಮಾಡಿ ಏನು ಸಿಗುತ್ತೆ ಅಂತ ಕೇಳಿದ್ರೆ, ಒಂದು ತೀರ್ಮಾನ ಸಿಗಬೇಕು. ಅರ್ಧ ಎಕರೆಗೆ ಮತ್ತೆ ಗುಲಾಬಿ ಈರುಳ್ಳಿ ಹಾಕೋದಾ, ಇಲ್ಲ ಕೈ ಬಿಟ್ಟು ಯಶವಂತಪುರಕ್ಕೇ ಹೋಗೋ ಬೆಳೆ ಹಾಕಿಕೊಳ್ಳೋದಾ? ಮನೆಯಲ್ಲಿ ಮಕ್ಕಳ ಅಭಿಪ್ರಾಯ ಬಿಡು ಅಂತ. ನಮ್ಮಪ್ಪನ ಕಾಲದಿಂದ ಬಂದ ಬೆಳೆ, ಬೀಜ ಕೈಲಿದೆ, ಮಣ್ಣಿಗೆ ಒಗ್ಗಿದೆ. ಬಿಡೋದು ಸುಲಭ, ಮತ್ತೆ ಹಿಡಿಯೋದು ಕಷ್ಟ. ತಡ ಆಗೋದು ಹಡಗಿಂದ, ಗಾಳಿಯಿಂದ, ಆದೇಶದಿಂದ ಆದ್ರೆ ಅದು ಬೇಸಾಯದ ಕಷ್ಟ, ತಡ್ಕೋಬಹುದು, ತಿಂಗಳು ನೋಡಿ ಬಿತ್ತಬಹುದು. ನಮ್ಮ ಗೆಡ್ಡೆಯ ಹಸಿಯಿಂದ ಆದ್ರೆ ಅದನ್ನ ನಾವೇ ಸರಿಮಾಡ್ಕೋಬಹುದು. ಬರೀ ಬಾಯಿಮಾತಿಂದ ಆದ್ರೆ, ಮುಂದಿನ ಸಲ ಮೂಟೆ ಕಟ್ಟೋಕೆ ಮುಂಚೆ ನಾಲ್ಕು ಜನ ರೈತರು ಒಟ್ಟಿಗೆ ಕೂತು ಮಾತಾಡಬೇಕು. ಮೂರಕ್ಕೂ ದಾರಿ ಬೇರೆ. ಯಾವುದು ಅಂತ ತಿಳಿಯದೆ ಬೆಳೆ ಬಿಡೋಕೆ ನನಗೆ ಮನಸ್ಸಿಲ್ಲ.

ಬಿತ್ತನೆ ಮಡಿ ಫೆಬ್ರವರಿ ಮೊದಲ ವಾರಕ್ಕೆ ತಳ್ಳಿದೀನಿ. ನಿಮ್ಮಲ್ಲಿ ಯಾರಿಗಾದರೂ ಪೋರ್ಟ್ ಹೆಸರಲ್ಲಿ ರೇಟು ಕಡಿದಿದ್ದರೆ ತಾರೀಕು ಮತ್ತು ಎಷ್ಟು ಕಡಿದರು ಅಂತ ಮಾತ್ರ ಬರೆದು ಕಳಿಸಿ. ವ್ಯಾಪಾರಿ ಹೆಸರು ಬೇಡ, ಜಗಳಕ್ಕೆ ಹೋಗ್ತಿಲ್ಲ. ಆ ತಾರೀಕುಗಳನ್ನ ಹಡಗಿನ ಪಟ್ಟಿ, ಮಳೆ, ಆದೇಶದ ತಾರೀಕಿನ ಪಕ್ಕ ಇಟ್ಟು ನೋಡ್ತೀನಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಇದ್ದರೂ ಸಂಕ್ರಾಂತಿ ಒಳಗೆ ತಿಳಿಸಿ, ಚೀಟಿಯಲ್ಲಿ ಇನ್ನೂ ಜಾಗ ಇದೆ.